ತರಗತಿಗೆ ಬಾರದ ಸುಡಾನಿನ ಹುಡುಗ: ಮೊದಲು ಠಾಣೆಗೋ, ಅವನ ರೂಮಿಗೋ?

ಪ್ರಶ್ನೆ: ನಾನು ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಹೋದ ವರ್ಷದಿಂದ ನಮ್ಮಲ್ಲಿಗೆ ವಿದೇಶಿ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಈಗ ಒಂಬತ್ತು ಜನ ಇದ್ದಾರೆ: ಸುಡಾನಿನವರು ಐವರು, ತಾಂಜಾನಿಯಾದವರು ಇಬ್ಬರು, ನೇಪಾಳದವರು ಇಬ್ಬರು. ಪ್ರಿನ್ಸಿಪಾಲರು ನನ್ನನ್ನು ‘ವಿದೇಶಿ ವಿದ್ಯಾರ್ಥಿ ಸಂಯೋಜಕಿ’ ಮಾಡಿದ್ದಾರೆ, ಪಾಠದ ಹೊರೆ ಮಾತ್ರ ಒಂದು ಗಂಟೆಯೂ ಇಳಿದಿಲ್ಲ. ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ಕಾಗದಪತ್ರ ನನಗೆ ತಲೆಬುಡ ತಿಳಿಯುವುದಿಲ್ಲ. ಹುಡುಗರು ಗುಂಪಾಗಿ ದೂರ ಕೂರುತ್ತಾರೆ, ಫಂಕ್ಷನ್ನಿಗೆ ಕರೆದರೂ ಬರುವುದಿಲ್ಲ. ಸುಡಾನಿನ ಒಬ್ಬ ಹುಡುಗ ಮೂರು ವಾರದಿಂದ ತರಗತಿಗೇ ಬಂದಿಲ್ಲ. ಪೊಲೀಸರಿಗೊಂದು ಪತ್ರ ಬರೆದು ಕೈ ತೊಳೆದುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೇಡಂ, ಕೊನೆಯ ಸಂಗತಿಯಿಂದಲೇ ಶುರು ಮಾಡುತ್ತೇನೆ. ಉಳಿದದ್ದು ನಾಳೆಯವರೆಗೂ ತಡೆಯುತ್ತದೆ.

ಇವತ್ತು ಕಾಲೇಜು ಬಿಟ್ಟ ಮೇಲೆ ಹಾಸ್ಟೆಲ್ ವಾರ್ಡನ್ನರನ್ನು ಜೊತೆಗೆ ಕರೆದುಕೊಂಡು ಆ ಹುಡುಗನ ರೂಮಿಗೆ ಹೋಗಿ. ನೋಟಿಸು ಬೇಡ, ಅಟೆಂಡರ್ ಕೈಲಿ ಹೇಳಿ ಕಳಿಸುವುದೂ ಬೇಡ. ಹೋದವರು ‘ಯಾಕೆ ಕ್ಲಾಸಿಗೆ ಬರ್ತಿಲ್ಲ’ ಎಂದು ಶುರು ಮಾಡಬೇಡಿ, ‘ಊಟ ಆಯ್ತಾ’ ಎಂದು ಕೇಳಿ. ಬರೀ ಉಪಚಾರಕ್ಕಲ್ಲ, ಉತ್ತರ ತಿಳಿಯುವುದಕ್ಕೇ ಕೇಳಿ.

ಯಾಕೆ ಹೇಳುತ್ತೇನೆಂದರೆ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾನು ಬಹಳ ವರ್ಷ ಈ ಕೆಲಸ ಮಾಡಿದವನು. 2023ರ ಜೂನ್ ಕೊನೆಯಲ್ಲಿ ನಮ್ಮ ಹಾಸ್ಟೆಲಿನ ಒಬ್ಬ ಸುಡಾನಿ ಹುಡುಗ ಮಧ್ಯಾಹ್ನ ಮೆಸ್ಸಿಗೆ ಬರುವುದನ್ನು ನಿಲ್ಲಿಸಿದ. ಕೇಳಿದವರಿಗೆಲ್ಲ ‘ಉಪವಾಸ’ ಅನ್ನುತ್ತಿದ್ದ. ಮುಸಲ್ಮಾನರ ಹುಡುಗ, ಇರಬಹುದು ಎಂದು ಎಲ್ಲರೂ ಸುಮ್ಮನಾದರು. ಅಡುಗೆಯ ರಾಜಾಸಾಬ್ ಒಬ್ಬರಿಗೆ ಮಾತ್ರ ಅನುಮಾನ ಬಂತು. ‘ಸರ್, ರಂಜಾನ್ ಮುಗಿದು ಎರಡು ತಿಂಗಳಾತು, ಇದ್ಯಾವ ಉಪವಾಸರಿ?’ ಎಂದು ನನ್ನ ಟೇಬಲ್ಲಿಗೆ ಬಂದು ಕೇಳಿದರು. ಹೋಗಿ ನೋಡಿದರೆ ಮೆಸ್ ಬಿಲ್ ಎರಡು ತಿಂಗಳಿಂದ ಬಾಕಿ, ಬಾಕಿ ಇಟ್ಟುಕೊಂಡು ತಟ್ಟೆ ಹಿಡಿಯಲು ನಾಚಿಕೆ. ಆ ವರ್ಷ ಏಪ್ರಿಲ್ 15ರಂದು ಅವನ ದೇಶದಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಿತ್ತು. ಖಾರ್ಟೂಮಿನ ಬ್ಯಾಂಕುಗಳು ಬಾಗಿಲು ಹಾಕಿದ್ದವು. ಅಪ್ಪ ಮನೆ ಬಿಟ್ಟು ಯಾವ ದಿಕ್ಕಿಗೆ ಹೋದರೆಂದು ಹನ್ನೊಂದು ದಿನದಿಂದ ಅವನಿಗೆ ಸುದ್ದಿ ಇರಲಿಲ್ಲ. ಇಷ್ಟೆಲ್ಲ ಆಗುವಾಗ ನಾನು ಮೂರು ಮಹಡಿ ಕೆಳಗೆ ಕೂತು ಅವನ ಹಾಜರಿ ಕೊರತೆಯ ಪತ್ರ ಟೈಪು ಮಾಡಿಸುತ್ತಿದ್ದೆ.

ನಿಮ್ಮ ಹುಡುಗನ ಕಥೆ ಇದೇ ಆಗಿರಬೇಕೆಂದಿಲ್ಲ. ಪ್ರೀತಿ ಪ್ರೇಮದ ಗೋಳಿರಬಹುದು, ಮ್ಯಾಥ್ಸ್ ತಲೆಗೆ ಹತ್ತದಿರಬಹುದು, ರಾತ್ರಿಯಿಡೀ ಮೊಬೈಲ್ ನೋಡಿ ಹಗಲು ನಿದ್ದೆ ಮಾಡುತ್ತಿರಬಹುದು. ಸುಡಾನಿನ ಹುಡುಗರ ಮಟ್ಟಿಗೆ ಮಾತ್ರ ಹಣ ಮತ್ತು ಮನೆ, ಈ ಎರಡನ್ನು ಮೊದಲು ವಿಚಾರಿಸಿ. ಹಣದ ತೊಂದರೆಯಾದರೆ ಫೀಸಿಗೆ ಕಂತು, ಪರೀಕ್ಷಾ ಶುಲ್ಕಕ್ಕೆ ಗಡುವು, ಇವೆರಡನ್ನೂ ಮ್ಯಾನೇಜ್‌ಮೆಂಟಿನಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ‘ನೋಡೋಣ’ ಹಾಲ್ ಟಿಕೆಟ್ ಕೊಡುವ ದಿನ ಮರೆತುಹೋಗುತ್ತದೆ. ನಿಮ್ಮ ಕೈಯಿಂದ ಸಾಲ ಕೊಡಬೇಡಿ. ಕರುಣೆ ಇಲ್ಲವೆಂದು ಅಂದುಕೊಂಡರೂ ಪರವಾಗಿಲ್ಲ. ಸಾಲ ಕೊಟ್ಟ ಮರುದಿನದಿಂದ ಆ ಹುಡುಗ ನಿಮ್ಮನ್ನು ಕಂಡರೆ ಬೇರೆ ಕಾರಿಡಾರು ಹಿಡಿಯುತ್ತಾನೆ, ಆಮೇಲೆ ಅವನ ಸುದ್ದಿ ನಿಮಗೆ ತಿಳಿಯುವುದೇ ಇಲ್ಲ. ಕಾಲೇಜಿನದೇ ಒಂದು ಚಿಕ್ಕ ನಿಧಿ ಮಾಡಿಸಿ, ಅದರಿಂದ ಕೊಡಿಸಿ. ‘ಪಾಪ, ಎಲ್ಲಾದರೂ ಪಾರ್ಟ್ ಟೈಮ್ ಕೆಲಸ ಹಚ್ಚೋಣ’ ಎಂದು ಯಾರಾದರೂ ಮುಂದೆ ಬಂದರೆ ಅಲ್ಲೇ ತಡೆಯಿರಿ. ವಿದ್ಯಾರ್ಥಿ ವೀಸಾದಲ್ಲಿ ದುಡಿಯುವಂತಿಲ್ಲ. ಡೆಲಿವರಿ ಬ್ಯಾಗು ಹೆಗಲಿಗೇರಿದರೆ ಓದೂ ಹೋಯಿತು, ವೀಸಾವೂ ಹೋಯಿತು. ನೇಪಾಳದವರ ಮಾತು ಬೇರೆ, 1950ರ ಒಪ್ಪಂದದಿಂದಾಗಿ ಅವರಿಗೆ ವೀಸಾವೂ ಬೇಡ, ಈ ನಿರ್ಬಂಧವೂ ಇಲ್ಲ.

ಹುಡುಗ ನಿದ್ದೆಯಿಲ್ಲದೆ, ಮಾತಿಲ್ಲದೆ ಗೋಡೆ ನೋಡಿಕೊಂಡು ಕೂತಿದ್ದರೆ ಬುದ್ಧಿವಾದ ಹೇಳಲು ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವೇ ಫೋನ್ ಹಚ್ಚಿ ಕೊಡಿ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಮರುದಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯರ ಒಪಿಡಿಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ಜೀವಕ್ಕೆ ಅಪಾಯವೆನಿಸಿದರೆ ಆ ರಾತ್ರಿ ರೂಮಿನಲ್ಲಿ ಒಬ್ಬನನ್ನೇ ಬಿಡಬೇಡಿ.

ಇನ್ನು ಪೊಲೀಸರ ವಿಷಯ. ಹುಡುಗ ರೂಮಿನಲ್ಲೇ ಇಲ್ಲ, ಗೆಳೆಯರಿಗೂ ಗೊತ್ತಿಲ್ಲ, ಫೋನ್ ಸ್ವಿಚ್ ಆಫ್ ಎಂದಾದರೆ ಒಂದು ದಿನವೂ ತಡಮಾಡದೆ ತಿಳಿಸಿ. ರೂಮಿನಲ್ಲಿದ್ದು ಕ್ಲಾಸಿಗೆ ಬರದಿದ್ದರೆ ಅದು ಕಾಲೇಜಿನ ಕೆಲಸ, ಠಾಣೆಯದಲ್ಲ. ಹಾಗೆಂದು ಏನನ್ನೂ ಮುಚ್ಚಿಡಲೂಬೇಡಿ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ, 1946ರ ಹಳೆಯ ಕಾಯ್ದೆ ಹೋಯಿತು. ವಿದೇಶಿ ವಿದ್ಯಾರ್ಥಿಯನ್ನು ಸೇರಿಸಿಕೊಂಡ ಕಾಲೇಜು ಅವನ ವಿವರವನ್ನೂ, ಓದು ಹಾಜರಿಯ ಮಾಹಿತಿಯನ್ನೂ ಸರ್ಕಾರಕ್ಕೆ ಕೊಡಬೇಕು. ಇದನ್ನು ಹುಡುಗರಿಂದ ಬಚ್ಚಿಡದೆ ಮೊದಲ ದಿನವೇ ಹೇಳಿಬಿಡಿ: ‘ಹಾಜರಿ, ವಿಳಾಸ, ರಿಸಲ್ಟ್, ಇವನ್ನು ನಾನು ಬರೆದು ಕೊಡಲೇಬೇಕು. ಉಳಿದದ್ದು ನನ್ನಲ್ಲೇ ಇರುತ್ತದೆ.’ ಎರಡನೆಯ ಮಾತನ್ನು ಆಮೇಲೆ ಉಳಿಸಿಕೊಳ್ಳಿ. ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಅವನ ಮನೆ ಕಥೆ ಬಿಚ್ಚಿದರೆ ಎರಡೇ ದಿನದಲ್ಲಿ ಅವನ ಕಿವಿಗೆ ಬೀಳುತ್ತದೆ. ನಿಮ್ಮದು ವಿಟಿಯು ಕಾಲೇಜಾದರೆ ಶೇ. 85 ಹಾಜರಿ ಬೇಕು. ಕಾರಣವಿದ್ದ ಕೊರತೆಗೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ವಿನಾಯಿತಿಯ ದಾರಿಯಿದೆ. ಮೂರು ವಾರ ಹೋದರೂ ಸೆಮಿಸ್ಟರ್ ಇನ್ನೂ ಕೈತಪ್ಪಿಲ್ಲ, ಅದಕ್ಕೇ ಇವತ್ತೇ ಹೋಗಿ ಅಂದದ್ದು.

ಕಾಗದಪತ್ರ. ಇದು ನೀವು ಹೆದರುವಷ್ಟು ಕಷ್ಟವಲ್ಲ, ನಿಮ್ಮ ಕಚೇರಿಯವರು ಅಂದುಕೊಂಡಷ್ಟು ಹಗುರವೂ ಅಲ್ಲ. ಇಲ್ಲಿ ತಾರೀಖು ತಪ್ಪದಂತೆ ನೋಡಿಕೊಳ್ಳುವುದೇ ಮುಖ್ಯ.

180 ದಿನ ಮೀರಿದ ವಿದ್ಯಾರ್ಥಿ ವೀಸಾದ ಮೇಲೆ ಬಂದವರು 14 ದಿನದೊಳಗೆ ನೋಂದಣಿ ಮಾಡಿಸಬೇಕು. ಜಿಲ್ಲೆಗಳಲ್ಲಿ ಎಸ್‌ಪಿಯವರೇ ವಿದೇಶಿಯರ ನೋಂದಣಾಧಿಕಾರಿ, ಆದರೆ 2018ರಿಂದ ಅರ್ಜಿ ಇ-ಎಫ್‌ಆರ್‌ಆರ್‌ಒ ಪೋರ್ಟಲ್ಲಿನಲ್ಲೇ ಹೋಗುತ್ತದೆ. ಈ 14 ದಿನ ಎಲ್ಲಿಂದ ಎಣಿಸುವುದು ಎನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬಳ್ಳಾರಿಗೆ ಬಂದ ದಿನದಿಂದಲ್ಲ, ಅಡ್ಮಿಷನ್ ಆದ ದಿನದಿಂದಲೂ ಅಲ್ಲ, ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಬಿದ್ದ ದಿನದಿಂದ. ಹುಡುಗ ಬೆಂಗಳೂರಿನಲ್ಲಿ ಇಳಿದು, ಕಮ್ಮನಹಳ್ಳಿಯ ಗೆಳೆಯನ ರೂಮಿನಲ್ಲಿ ಒಂದು ವಾರ ಕಳೆದು, ಹಂಪಿ ಎಕ್ಸ್‌ಪ್ರೆಸ್ ಹತ್ತಿ ನಿಮ್ಮೆದುರು ಬಂದು ನಿಲ್ಲುವ ಹೊತ್ತಿಗೆ ಅರ್ಧ ಗಡುವು ಮುಗಿದಿರುತ್ತದೆ. ನಾನೇ ಒಂದು ಸಲ ಎಡವಿದ್ದೇನೆ. ಆಯುಧ ಪೂಜೆಯ ಹಿಂದಿನ ದಿನ ಬಂದ ಹುಡುಗಿಯ ಫೈಲನ್ನು ‘ರಜೆ ಮುಗಿದ ಮೇಲೆ ನೋಡೋಣ’ ಎಂದು ಡ್ರಾಯರಿಗೆ ಹಾಕಿದೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು ಪೂಜೆಯನ್ನೇನೋ ಮಾಡಿದೆವು, ಅರ್ಜಿ ಮಾತ್ರ ಆ ಕಂಪ್ಯೂಟರಿನೊಳಗೆ ಹೋಗಲಿಲ್ಲ. ದಸರೆ ಮುಗಿಸಿ ಬಂದಾಗ ಹದಿನಾರನೆಯ ದಿನ. ದಂಡ ಕಟ್ಟಿದ್ದು ಆ ಹುಡುಗಿ. ಅದನ್ನು ನನ್ನ ಜೇಬಿನಿಂದ ವಾಪಸು ಕೊಟ್ಟೆ, ಆದರೂ ಆಕೆಯ ದಾಖಲೆಯಲ್ಲಿ ‘ವಿಳಂಬ’ ಎಂಬುದು ಉಳಿಯಿತು.

ಅದಕ್ಕೇ ಅಡ್ಮಿಷನ್ ಪತ್ರದ ಜೊತೆಗೇ ಒಂದು ಹಾಳೆ ಕಳಿಸಿ: ಇಳಿದ ದಿನವೇ ಠಸ್ಸೆಯಿರುವ ಪುಟದ ಫೋಟೋ ವಾಟ್ಸ್ಯಾಪ್ ಮಾಡಿ, ನೇರವಾಗಿ ಬಳ್ಳಾರಿಗೆ ಬನ್ನಿ ಎಂದು. ಹಾಸ್ಟೆಲಿಗೆ ಬಂದ 24 ಗಂಟೆಯೊಳಗೆ ವಾರ್ಡನ್ ವಸತಿ ಮಾಹಿತಿಯ ಫಾರ್ಮ್ (ಮೊದಲಿನ ‘ಫಾರ್ಮ್ ಸಿ’) ತುಂಬಬೇಕು. ಇದು ವಸತಿ ಕೊಟ್ಟವರ ಜವಾಬ್ದಾರಿ, ಹುಡುಗನದಲ್ಲ. ಅದಿಲ್ಲದೆ ನೋಂದಣಿ ಅರ್ಜಿಯೂ ಮುಂದೆ ಹೋಗುವುದಿಲ್ಲ. ಹಾಸ್ಟೆಲ್ ಬಿಟ್ಟು ಗಾಂಧಿನಗರದಲ್ಲೋ ಕಂಟೋನ್ಮೆಂಟಿನಲ್ಲೋ ಬಾಡಿಗೆ ಮನೆ ಹಿಡಿದರೆ ಮನೆ ಮಾಲೀಕರು ಇದನ್ನೇ ಮಾಡಬೇಕು. ‘ಪೊಲೀಸ್ ಫಾರ್ಮ್’ ಎಂದು ಕಿವಿಗೆ ಬಿದ್ದೊಡನೆ ‘ನಮಗ್ಯಾಕ್ರಿ ಈ ಉಸಾಬರಿ’ ಎಂದು ಮುಂಗಡ ವಾಪಸು ಕೊಡುವವರೇ ಹೆಚ್ಚು. ನೀವೇ ಹೋಗಿ ಅವರ ಮೊಬೈಲಿನಲ್ಲೇ ತುಂಬಿ ತೋರಿಸಿ. ಹತ್ತು ನಿಮಿಷದ ಕೆಲಸ. ನಾಲ್ಕು ಮನೆಗೆ ಮಾಡಿಕೊಟ್ಟರೆ ಐದನೆಯವರು ತಾವಾಗಿಯೇ ಫೋನ್ ಮಾಡುತ್ತಾರೆ.

ಬ್ಯಾಂಕ್ ಖಾತೆಯನ್ನೂ ಮೊದಲ ವಾರವೇ ಮಾಡಿಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ವಿದೇಶಿ ವಿದ್ಯಾರ್ಥಿಗೆ ಪಾಸ್‌ಪೋರ್ಟ್, ವೀಸಾ, ಅಡ್ಮಿಷನ್ ಪತ್ರದ ಮೇಲೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆ ತೆರೆಯಬಹುದು, ಸ್ಥಳೀಯ ವಿಳಾಸದ ದಾಖಲೆ ಕೊಡಲು 30 ದಿನ ಅವಕಾಶ. ಅಲ್ಲಿಯವರೆಗೆ ಹೊರಗಿನಿಂದ 1,000 ಡಾಲರಿಗಿಂತ ಹೆಚ್ಚು ಬರುವಂತಿಲ್ಲ, ಖಾತೆಗೆ ಒಟ್ಟು 50,000 ರೂಪಾಯಿಯ ಮಿತಿಯೂ ಇದೆ. ಕೌಂಟರಿನಲ್ಲಿ ‘ಆಧಾರ್ ಇಲ್ಲದೆ ಆಗಲ್ಲ’ ಎಂದರೆ ಜಗಳಕ್ಕೆ ನಿಲ್ಲಬೇಡಿ, ಮ್ಯಾನೇಜರಿಗೆ ಈ ನಿಯಮವನ್ನು ತೋರಿಸಿ. ನಮ್ಮ ಕಡೆಯ ಶಾಖೆಗಳಿಗೆ ಇಂಥ ಅರ್ಜಿ ವರ್ಷಕ್ಕೊಂದು ಬಂದರೆ ಹೆಚ್ಚು, ಗೊತ್ತಿಲ್ಲದಿರುವುದು ಸಹಜ.

ಅರ್ಜಿ ತುಂಬುವಾಗ ನಿಮಗೆ ಹೆಚ್ಚು ತಲೆನೋವು ಕೊಡುವುದು ಹೆಸರು. ಸುಡಾನಿನವರಿಗೆ ನಮ್ಮ ಹಾಗೆ ಮನೆತನದ ಹೆಸರಿನ ಕಟ್ಟುಪಾಡಿಲ್ಲ. ಸ್ವಂತ ಹೆಸರು, ಅಪ್ಪನದು, ತಾತನದು, ಮುತ್ತಾತನದು, ಹೀಗೆ ನಾಲ್ಕು ಸಾಲಾಗಿ ನಿಲ್ಲುತ್ತವೆ. ‘ಸರ್‌ನೇಮ್’ ಎಂಬ ಖಾನೆಗೆ ಮಾರ್ಕ್ಸ್‌ಕಾರ್ಡಿನಲ್ಲಿ ಅಪ್ಪನ ಹೆಸರು, ವೀಸಾದಲ್ಲಿ ಮುತ್ತಾತನ ಹೆಸರು ಕೂತಿರುತ್ತದೆ. ಬಳ್ಳಾರಿಯವರಾದ ನಮಗೆ ಇದೇನು ಹೊಸದೇ? ‘ಬಿ. ಎಂ.’ ಎಂಬ ಇನಿಷಿಯಲ್ಲಿನಲ್ಲಿ ಊರೂ ಅಪ್ಪನೂ ಅಡಗಿ ಕೂತು ಪಾಸ್‌ಪೋರ್ಟ್ ಕಚೇರಿಯಲ್ಲಿ ನಾವು ಪಟ್ಟ ಪಾಡು ನೆನೆಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ, ಒಂದಕ್ಷರ ತಿದ್ದದೆ, ಅಡ್ಮಿಷನ್ ರಿಜಿಸ್ಟರಿನಿಂದ ಡಿಗ್ರಿ ಸರ್ಟಿಫಿಕೇಟಿನವರೆಗೆ ಒಂದೇ ರೀತಿ ಬರೆಯಿಸಿ. ‘ಮೊಹಮ್ಮದ್’ ಕಾಗುಣಿತವನ್ನು ನಮ್ಮ ಗುಮಾಸ್ತರು ತಮ್ಮ ಓಣಿಯ ಮೊಹಮ್ಮದನ ಹಾಗೆ ಸರಿಪಡಿಸಿಬಿಡುತ್ತಾರೆ, ಪತ್ತೆಯಾಗುವುದು ನಾಲ್ಕು ವರ್ಷದ ನಂತರ.

ಗಂಟೆಯಲ್ಲೂ ಒಂದು ಗಮ್ಮತ್ತಿದೆ. ತಾಂಜಾನಿಯಾದ ಸ್ವಾಹಿಲಿ ಭಾಷೆಯಲ್ಲಿ ಹೊತ್ತು ಹುಟ್ಟಿದಲ್ಲಿಂದ ಗಂಟೆ ಎಣಿಸುತ್ತಾರೆ, ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಇಂಗ್ಲಿಷಿನಲ್ಲಿ ಮಾತಾಡುವಾಗ ಸರಿಯಾಗಿಯೇ ಹೇಳುತ್ತಾರೆ, ಗಡಿಬಿಡಿಯಲ್ಲಿ ಎಲ್ಲೋ ಒಮ್ಮೆ ತಪ್ಪುತ್ತದೆ. ಬರಹದಲ್ಲಿ ಅಂಕಿ ಹಾಕಿ ಕೊಟ್ಟರೆ ಮುಗಿಯಿತು.

ಈಗ ‘ಬೆರೆಯುವುದಿಲ್ಲ’ ಎಂಬ ನಿಮ್ಮ ದೂರು. ಇದರಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ ಹಿಡಿಯಲಾರೆ. ದುಬೈಗೆ ಹೋದ ನಮ್ಮ ಹುಡುಗರು ಯಾರ ಜೊತೆ ಕೂತು ಊಟ ಮಾಡುತ್ತಾರೆ? ಬಳ್ಳಾರಿಯವರು ಸಿಗದಿದ್ದರೆ ಹುಬ್ಬಳ್ಳಿಯವರು, ಅವರೂ ಸಿಗದಿದ್ದರೆ ಆಂಧ್ರದವರು. ಐವರು ಸುಡಾನಿಗಳು ಒಂದೇ ಬೆಂಚಿನ ಸಾಲಿನಲ್ಲಿ ಕೂತರೆ ಅದು ಸೊಕ್ಕಲ್ಲ. ದಿನವಿಡೀ ಪರಭಾಷೆಯಲ್ಲಿ ಕೇಳಿ ಕೇಳಿ ದಣಿದ ತಲೆಗೆ ಅರ್ಧ ಗಂಟೆ ಸ್ವಂತ ನುಡಿಯ ನೆರಳು. ಅವರನ್ನು ಎಬ್ಬಿಸಿ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸುವ ಸಾಹಸ ಬೇಡ.

‘ಫಂಕ್ಷನ್ನಿಗೆ ಬರುವುದಿಲ್ಲ’ ಎಂದಿದ್ದೀರಿ. ಬಂದಾಗ ಏನಾಗುತ್ತದೆ ಎಂಬುದನ್ನೂ ನೋಡಿ. ನಮ್ಮಲ್ಲಿ ಒಂದು ಸಲ ಇಡೀ ಕ್ಲಾಸು ಬಸ್ಸಿನಲ್ಲಿ ಹಂಪಿಗೆ ಹೋಯಿತು. ವಿಜಯ ವಿಠ್ಠಲ ದೇವಸ್ಥಾನದ ಕೌಂಟರಿನಲ್ಲಿ ನಮ್ಮವರಿಗೆ 40 ರೂಪಾಯಿ ಟಿಕೆಟ್, ವಿದೇಶಿಯರಿಗೆ 600. ನೇಪಾಳದಂಥ ಸಾರ್ಕ್ ದೇಶದವರಿಗೆ ನಮ್ಮದೇ ದರ. ಕ್ಲಾಸಿನ ಲೀಡರ್ ತಲೆಗೆ 40ರಂತೆ ವಸೂಲು ಮಾಡಿಕೊಂಡು ಬಂದಿದ್ದ. ತಾಂಜಾನಿಯಾದ ಹುಡುಗಿಗೆ ಇನ್ನೂ 560 ಕೊಡು ಎನ್ನಲು ಅವನಿಗೆ ಮುಜುಗರ. ಆಕೆಗೆ ಅದು ವಾರದ ಖರ್ಚು. ‘ತಲೆ ನೋಯ್ತಿದೆ, ಬಸ್ಸಲ್ಲೇ ಇರ್ತೀನಿ’ ಎಂದಳು. ಉಳಿದವರು ಕಲ್ಲಿನ ರಥದ ಮುಂದೆ ಗ್ರೂಪ್ ಫೋಟೋ ತೆಗೆಸಿಕೊಂಡು ಎರಡು ಗಂಟೆ ಬಿಟ್ಟು ಬಂದರು. ಆ ಫೋಟೋ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ವರ್ಷವಿಡೀ ಇತ್ತು. ಮುಂದಿನ ಟ್ರಿಪ್ಪಿಗೆ ಆಕೆ ಹೆಸರು ಕೊಡಲಿಲ್ಲ, ಎಲ್ಲರೂ ‘ಅವಳು ಬೆರೆಯಲ್ಲ’ ಅಂದರು. ಟ್ರಿಪ್ಪಿನ ಬಜೆಟ್ಟಿನಲ್ಲೇ ವಿದೇಶಿ ದರ ಸೇರಿಸಿ, ಎಲ್ಲರಿಗೂ ಹಂಚಿಬಿಡಿ. ತಲೆಗೆ ಹತ್ತೋ ಇಪ್ಪತ್ತೋ ಹೆಚ್ಚಾಗುತ್ತದೆ, ಅಷ್ಟೆ.

ಬೆರೆಯುವುದು ವೇದಿಕೆಯ ಮೇಲಿನ ಫ್ಯಾನ್ಸಿ ಡ್ರೆಸ್ಸಿನಿಂದ ಆಗುವ ಕೆಲಸವಲ್ಲ. ‘ನಿಮ್ಮ ದೇಶದ ಡ್ಯಾನ್ಸ್ ಮಾಡಿ’ ಎಂದು ಪ್ರತಿ ವಾರ್ಷಿಕೋತ್ಸವಕ್ಕೂ ಅವರನ್ನೇ ಮುಂದೆ ದಬ್ಬುವುದನ್ನು ದಯವಿಟ್ಟು ನಿಲ್ಲಿಸಿ. ಅದರ ಬದಲು ಒಂದು ಭಾನುವಾರ ಅವರನ್ನು ಸಿರುಗುಪ್ಪದ ಕಡೆ ಹೊಲಕ್ಕೆ ಕರೆದುಕೊಂಡು ಹೋಗಿ. ನಾನು ಸಿರುಗುಪ್ಪದವನು ಎಂಬ ಕಾರಣಕ್ಕೆ ಹೇಳುತ್ತಿಲ್ಲ, ಬೇರೆ ಕಾರಣವಿದೆ. ಸುಡಾನಿನ ವಾದ್ ಮದನಿಯಿಂದ ಬಂದ ಹುಡುಗನೊಬ್ಬನನ್ನು ಹಬ್ಬಕ್ಕೆ ಊರಿಗೆ ಕರೆತಂದಿದ್ದೆ. ಹೊಲದ ಬದುವಿನಲ್ಲಿ ನಿಂತವನು ಬಗ್ಗಿ ಒಂದು ಹಿಡಿ ಎರೆಮಣ್ಣು ಎತ್ತಿಕೊಂಡು ಹಿಸುಕಿ ನೋಡಿದ, ‘ಇದು ನಮ್ಮದೇ’ ಎಂದ. ನೀಲಿ ನೈಲ್, ಬಿಳಿ ನೈಲ್ ನದಿಗಳ ನಡುವಿನ ಗೆಜೀರಾ ಬಯಲು ನಮ್ಮದರಂತೆಯೇ ಕರಿ ಎರೆ, ಅಲ್ಲೂ ಹತ್ತಿ, ಅಲ್ಲೂ ಕಾಲುವೆ ನೀರು. ಅವರ ಸೆನ್ನಾರ್ ಅಣೆಕಟ್ಟೆ 1925ರದು, ನಮ್ಮ ತುಂಗಭದ್ರೆಗಿಂತ ಹಿರಿಯದು. ನಮ್ಮ ಚಿಕ್ಕಪ್ಪನವರು ಅವನನ್ನು ಕೇಳಿದ ಮೊದಲ ಪ್ರಶ್ನೆ: ‘ಅಲ್ಲೂ ಕಾಲುವೆ ಕೊನೆ ಭಾಗದವ್ರಿಗೆ ನೀರು ಬರಂಗಿಲ್ಲೇನಪಾ?’ ನಾನು ತರ್ಜುಮೆ ಮಾಡಿ ಮುಗಿಸುವ ಮುಂಚೆಯೇ ಹುಡುಗ ನಕ್ಕುಬಿಟ್ಟ. ಆಮೇಲೆ ಇಬ್ಬರೂ ಕೈಸನ್ನೆಯಲ್ಲೇ ಮೇಲಿನ ಹೊಲದವರನ್ನು ಬೈಯುತ್ತ ಒಂದು ಗಂಟೆ ಕೂತಿದ್ದರು.

ಊಟವೂ ಹಾಗೇ. ಜೋಳದ ಬೇಸಾಯದ ಅತಿ ಹಳೆಯ ಕುರುಹು, ಐದು ಸಾವಿರ ವರ್ಷಕ್ಕೂ ಹಿಂದಿನದು, ಸಿಕ್ಕಿರುವುದು ಪೂರ್ವ ಸುಡಾನಿನಲ್ಲಿ. ಹುದುಗು ಬರಿಸಿದ ಜೋಳದ ಹಿಟ್ಟಿನಿಂದ ಅವರು ಹೆಂಚಿನ ಮೇಲೆ ಎಳೆಯುವ ಕಿಸ್ರಾ ನೋಡಲು ನೀರುದೋಸೆಯ ಹಾಗೆ. ಅಸೀದಾ ಎಂದರೆ ನಮ್ಮ ಸಂಗಟಿಯ ಅಣ್ಣ. ತಾಂಜಾನಿಯಾದ ಉಗಾಲಿಯೂ ಮುದ್ದೆಯ ಬಳಗದ್ದೇ, ಅಲ್ಲಿ ಮೆಕ್ಕೆಜೋಳದ ಹಿಟ್ಟು. ಮೆಸ್ಸಿನಲ್ಲಿ ವಾರಕ್ಕೆರಡು ದಿನ ರೊಟ್ಟಿ, ಮುದ್ದೆ ಮಾಡಿಸಿ ನೋಡಿ, ಗೋಬಿ ಮಂಚೂರಿಗಿಂತ ಬೇಗ ಖಾಲಿಯಾಗುತ್ತದೆ. ಖಾರವೊಂದೇ ಎಡವಟ್ಟು: ನಮ್ಮ ಒಗ್ಗರಣೆ ಮಿರ್ಚಿಯನ್ನು ಮೊದಲ ದಿನವೇ ತಿನ್ನಿಸಿ ‘ಹೆಂಗೈತಿ’ ಎಂದು ಮೊಬೈಲಿನಲ್ಲಿ ರೀಲ್ಸ್ ಹಿಡಿಯುವವರನ್ನು ನಾನು ಕ್ಷಮಿಸಲಾರೆ. ರಂಜಾನಿನಲ್ಲಿ ಮೆಸ್ಸು ಬೆಳಗಿನ ಜಾವ ತೆರೆಯಲಾಗದಿದ್ದರೆ ರಾತ್ರಿಯೇ ಡಬ್ಬಿ ಕಟ್ಟಿಕೊಡಿಸಿ. ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ವಿಷಯವನ್ನು ನಾಚದೆ, ಬೋಧನೆ ಮಾಡದೆ, ಮೊದಲ ವಾರವೇ ಹೇಳಿಬಿಡಿ. ಗೊತ್ತಿಲ್ಲದೆ ಗಂಡಾಂತರಕ್ಕೆ ಸಿಕ್ಕಿಕೊಳ್ಳುವುದು ಬೇಡ.

ಕನ್ನಡದ ಮಾತು ಬಂತು. ವಿಟಿಯುನಲ್ಲಿ ಕನ್ನಡೇತರರಿಗೆ ಬಳಕೆ ಕನ್ನಡದ ಪಾಠವಿದೆ. ಒಳ್ಳೆಯದೇ, ಆದರೆ ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ನಾನು ಮಾಡುತ್ತಿದ್ದ ಆಟ ಇದು: ಅರಬ್ಬಿ ಬಲ್ಲ ಹುಡುಗರನ್ನು ಕೂರಿಸಿ ‘ನಿಮಗೆ ಆಗಲೇ ಕನ್ನಡ ಬರುತ್ತದೆ’ ಅನ್ನುತ್ತಿದ್ದೆ. ಅರ್ಜಿ, ಹಾಜರಿ, ಬಾಕಿ, ತಾರೀಖು, ವಕೀಲ, ಸಾಬೂನು, ಎಲ್ಲವೂ ಅರಬ್ಬಿಯಿಂದ ನಮ್ಮಲ್ಲಿಗೆ ಬಂದು ಊರಿನವರೇ ಆಗಿಬಿಟ್ಟವು. ತಾಂಜಾನಿಯಾದವರಿಗೆ ಇನ್ನೂ ಸುಲಭ, ಸ್ವಾಹಿಲಿಯಲ್ಲಿ ಚಹಾಕ್ಕೆ ‘ಚಾಯ್’, ಚಪಾತಿಗೆ ‘ಚಪಾತಿ’, ಬಂಡಿಗೆ ‘ಗಾರಿ’, ಸೋಪಿಗೆ ‘ಸಬುನಿ’, ಅಂಗಡಿಗೆ ‘ದುಕಾ’. ನಮ್ಮ ಅಜ್ಜಂದಿರು ‘ದುಕಾನು’ ಎನ್ನುತ್ತಿರಲಿಲ್ಲವೇ? ಮುಖ ಅರಳುವುದನ್ನು ನೋಡಬೇಕು. ಆಮೇಲೆ ‘ಎಷ್ಟಾತ್ರಿ’, ‘ಖಾರ ಕಮ್ಮಿ ಹಾಕ್ರಿ’, ‘ಇಲ್ಲೇ ನಿಲ್ಸಿ ಅಣ್ಣ’, ಈ ಮೂರು ಕಲಿಸಿ ರಾಯಲ್ ಸರ್ಕಲ್ಲಿಗೆ ಬಿಟ್ಟುಬಿಡಿ. ಆಟೋದವರ ಬಾಯಲ್ಲಿ ಆ ‘ಅಣ್ಣ’ಕ್ಕೆ ಉತ್ತರವಾಗಿ ‘ತಮ್ಮ’ ಬರುತ್ತದೆ, ಬಾಡಿಗೆಯೂ ಇಳಿಯುತ್ತದೆ. ಎಲ್ಲ ಸಲವೂ ಅಲ್ಲ.

ಯಾಕೆಂದರೆ ಊರು ಯಾವಾಗಲೂ ಒಳ್ಳೆಯದಾಗಿರುವುದಿಲ್ಲ. ಕರಿ ಬಣ್ಣದ ಹುಡುಗನನ್ನು ಕಂಡು ಬೀದಿಯಲ್ಲಿ ಏನು ಕೂಗುತ್ತಾರೆಂದು ನಿಮಗೂ ಗೊತ್ತು, ಅವನಿಗೂ ಎರಡೇ ವಾರದಲ್ಲಿ ಆ ಪದಗಳ ಅರ್ಥ ಗೊತ್ತಾಗುತ್ತದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯ ಕಾರು ಗುದ್ದಿ ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ, ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಆ ವಾರ ನಮ್ಮ ಕಾಲೇಜಿನ ಆಫ್ರಿಕಾದ ಮಕ್ಕಳು ಯಾರೂ ರೂಮು ಬಿಟ್ಟು ಹೊರಬರಲಿಲ್ಲ, ನಾವೇ ಹಾಲು ಬ್ರೆಡ್ಡು ತಲುಪಿಸಿದೆವು. ಅಂದಿನಿಂದ ನಾನು ಪ್ರತಿ ವರ್ಷ ಎರಡು ಮಾತು ಹೇಳುತ್ತಿದ್ದೆ. ಲೈಸೆನ್ಸ್ ಇಲ್ಲದೆ ಗೆಳೆಯನ ಬೈಕು ಮುಟ್ಟಬೇಡಿ. ಏನೇ ಗಲಾಟೆಯಾದರೂ ವಾದ ಮಾಡುತ್ತ ನಿಲ್ಲಬೇಡಿ, 112ಕ್ಕೆ ಹಚ್ಚಿ, ನಂತರ ನನಗೆ. ಕಾಲೇಜಿನೊಳಗೇ ಕಾಟವಾದರೆ ಅದು ರ್‍ಯಾಗಿಂಗ್, ‘ತಮಾಷೆ’ ಎಂಬ ಸಮಜಾಯಿಷಿ ನಡೆಯದು. ಯುಜಿಸಿ ಸಹಾಯವಾಣಿ 1800-180-5522.

ಸಿಂಧನೂರಿನ ಕ್ಯಾಂಪುಗಳಿಗೆ ಒಮ್ಮೆ ಹೋಗಿ ಬನ್ನಿ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಅಲ್ಲಿ ನೆಲೆಸಿ ಭತ್ತ ಬೆಳೆದು, ಮೀನು ಮಾರಿ, ನಮ್ಮ ಸಂತೆಯಲ್ಲಿ ನಮ್ಮ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಹೊರಗಿನವರು ನಮ್ಮ ಜಿಲ್ಲೆಗಳಿಗೆ ಹೊಸಬರಲ್ಲ. ನಿಮ್ಮ ಸ್ಟಾಫ್ ರೂಮಿನಲ್ಲಿ ‘ಇಂಥವರು ನಮ್ಮೂರಿಗೆ ಒಗ್ಗುವುದಿಲ್ಲ’ ಎಂದು ಯಾರಾದರೂ ಅಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಆರೋಗ್ಯದ ಬಗ್ಗೆ ಒಂದೆರಡೇ ಮಾತು. ಸುಡಾನಿನವರಿಗೆ ಬಿಸಿಲು ಹೊಸದಲ್ಲ, ನಮ್ಮ ಏಪ್ರಿಲ್ಲಿಗೆ ಅವರು ಹೆದರುವುದಿಲ್ಲ. ನಿಜವಾದ ಎಚ್ಚರ ಬೇಕಿರುವುದು ಜ್ವರಕ್ಕೆ. ರಜೆಗೆ ಊರಿಗೆ ಹೋಗಿ ಬಂದವರಿಗೆ ತಿಂಗಳೊಳಗೆ ಜ್ವರ ಬಂದರೆ ‘ವೈರಲ್’ ಎಂದು ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ. ಯಾವ ದೇಶದಿಂದ ಯಾವಾಗ ಬಂದದ್ದೆಂದು ಡಾಕ್ಟರಿಗೆ ಹೇಳಿ ಅವತ್ತೇ ಮಲೇರಿಯಾ ಪರೀಕ್ಷೆ ಮಾಡಿಸಿ, ಆಫ್ರಿಕಾದ ಮಲೇರಿಯಾ ಎರಡು ದಿನದಲ್ಲಿ ಮೆದುಳಿಗೇರಬಲ್ಲದು. ಸುಡಾನಿನಿಂದ ಬರುವವರ ಹಳದಿ ಜ್ವರದ ಲಸಿಕೆಯ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ. ಅದಿಲ್ಲದೆ ಬಂದರೆ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ, ನಿಮ್ಮ 14 ದಿನದ ಲೆಕ್ಕವೂ ಅಲ್ಲೇ ಕರಗುತ್ತದೆ.

ಇನ್ನು ನಿಮ್ಮ ಪಾಡು. ‘ಸಂಯೋಜಕಿ’ ಎಂಬ ಬಿರುದು ಕೊಟ್ಟು ಹದಿನಾರು ಗಂಟೆಯ ಪಾಠವನ್ನೂ ಹಾಗೇ ಇಟ್ಟಿದ್ದರೆ ಅದು ನೇಮಕವಲ್ಲ, ತಪ್ಪಾದಾಗ ಬೈಯಲು ಒಬ್ಬರನ್ನು ಗುರುತಿಸಿಟ್ಟುಕೊಂಡದ್ದು. ಪ್ರಿನ್ಸಿಪಾಲರ ಬಳಿ ಮೂರನ್ನು ಬರಹದಲ್ಲಿ ಕೇಳಿ. ಕಚೇರಿ ಆದೇಶ, ನೀವು ರಜೆಯಲ್ಲಿದ್ದಾಗ ಪೋರ್ಟಲ್ ತೆರೆಯಬಲ್ಲ ಎರಡನೆಯ ವ್ಯಕ್ತಿ, ಕಾಲೇಜಿನ ಸಿಮ್ ಇರುವ ಒಂದು ಫೋನು. ಮೂರನೆಯದು ಸಣ್ಣದೆನಿಸಬಹುದು. ನನ್ನ ಸ್ವಂತ ನಂಬರು ಕೊಟ್ಟು, ಹತ್ತು ವರ್ಷ ರಾತ್ರಿ ಎರಡು ಗಂಟೆಗೆ ‘ಸರ್, ರೂಮ್ ಕೀ ಕಳೆದಿದೆ’ ಎಂಬ ಫೋನಿಗೆ ಎದ್ದವನು ನಾನು. ನನ್ನ ಹೆಂಡತಿಗೆ ಇವತ್ತಿಗೂ ಅರಬ್ಬಿಯ ಸಲಾಮು ಕೇಳಿದರೆ ನಿದ್ದೆ ಹಾರುತ್ತದೆ. ಪಾಠದ ಹೊರೆ ಇಳಿಸಿ ಎಂದೂ ಕೇಳಿ, ಇಳಿಸುವುದಿಲ್ಲ, ಕೇಳಿದ್ದಕ್ಕೆ ದಾಖಲೆ ಇರಲಿ. ಮತ್ತೆ, ನೀವು ಅವರ ತಾಯಿಯಾಗಲು ಹೋಗಬೇಡಿ. ‘ಮಮ್ಮಿ’ ಎಂದು ಕರೆಯಿಸಿಕೊಂಡ ಸಂಯೋಜಕಿಯರನ್ನು ನೋಡಿದ್ದೇನೆ. ಅಮ್ಮನಿಗೆ ಯಾರೂ ಬ್ಯಾಕ್‌ಲಾಗ್ ಎಷ್ಟಿದೆ ಎಂದು ನಿಜ ಹೇಳುವುದಿಲ್ಲ.

ಇವತ್ತು ಸಂಜೆ ಹೋಗುವಾಗ ಒಬ್ಬ ಸುಡಾನಿ ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆದರೆ ಮಾತಿಗೆ ಕೂತ ಮೇಲೆ ಅವನನ್ನು ಹೊರಗೆ ಕಳಿಸಿ. ಬರುವ ಮುಂಚೆ ಹುಡುಗನ ಪಾಸ್‌ಪೋರ್ಟ್ ಕೇಳಿ ಕೊನೆಯ ದಿನಾಂಕ ನೋಡಿಕೊಳ್ಳಿ. ಯುದ್ಧ ಶುರುವಾದ ಮೇಲೆ ಅವರ ಪಾಸ್‌ಪೋರ್ಟ್ ನವೀಕರಣ ತಿಂಗಳುಗಟ್ಟಲೆ ಎಳೆಯುತ್ತಿತ್ತು, ಅವಧಿ ಮುಗಿದ ಪಾಸ್‌ಪೋರ್ಟಿನ ಮೇಲೆ ವೀಸಾ ಮುಂದುವರಿಸುವುದಿಲ್ಲ. ಅದೇ ಭಯಕ್ಕೆ ನಿಮ್ಮನ್ನು ಕಂಡರೆ ತಪ್ಪಿಸಿಕೊಳ್ಳುತ್ತಿರಲೂಬಹುದು. ದಿನಾಂಕ ಹತ್ತಿರವಿದ್ದರೆ ದೆಹಲಿಯ ಅವರ ರಾಯಭಾರ ಕಚೇರಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲೇ ಪತ್ರ ಹೋಗಲಿ, ಕರಡು ನನಗೆ ಕಳಿಸಿದರೆ ತಿದ್ದಿ ಕೊಡುತ್ತೇನೆ.